ಕ್ರೈಸ್ತ ನಂಬಿಕೆಯಲ್ಲಿ ಬೆಟ್ಟ: ಏರುವುದೂ ಉಂಟು, ಇಳಿಯುವುದೂ ಉಂಟು

ಈಜಿಪ್ಟಿನ ಸೀನಾಯಿ ಪರ್ಯಾಯ ದ್ವೀಪದ ದಕ್ಷಿಣಕ್ಕೆ ಜಬಲ್ ಮೂಸಾ ಎಂಬ ಬೆಟ್ಟವಿದೆ. ಅರಬ್ಬಿ ಭಾಷೆಯಲ್ಲಿ ಈ ಹೆಸರಿಗೆ ಮೋಶೆಯ ಬೆಟ್ಟ ಎಂದರ್ಥ. ಎತ್ತರ 2,285 ಮೀಟರ್. ಇದನ್ನು ಏರುವ ಯಾತ್ರಿಕರಲ್ಲಿ ಹೆಚ್ಚಿನವರು ನಡುರಾತ್ರಿ ಕಳೆದ ಮೇಲೆ, ಬೆದೂಯಿನ್ ಮಾರ್ಗದರ್ಶಕರ ಹಿಂದೆ ಕೈದೀಪ ಹಿಡಿದು ಹೊರಡುತ್ತಾರೆ. ಕೆಲವರು ಸ್ವಲ್ಪ ದೂರ ಒಂಟೆಯ ಮೇಲೆ ಸಾಗುತ್ತಾರೆ. ಶಿಖರದಲ್ಲಿ ಸೂರ್ಯೋದಯ ನೋಡಿ, ಪ್ರಾರ್ಥಿಸಿ, ಬಿಸಿಲೇರುವ ಮುನ್ನ ಕೆಳಗಿಳಿಯುತ್ತಾರೆ. ಇಳಿಯಲು ಕಲ್ಲಿನ ಮೆಟ್ಟಿಲುಗಳ ಹಳೆಯ ದಾರಿಯೊಂದಿದೆ. ಮೆಟ್ಟಿಲುಗಳು ಸುಮಾರು 3,750. ಅವುಗಳಿಗೆ ಪಶ್ಚಾತ್ತಾಪದ ಮೆಟ್ಟಿಲುಗಳೆಂದೇ ಹೆಸರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸಾವಿರದ ನಾಲ್ಕುನೂರು ವರ್ಷಗಳಿಗೂ ಹಿಂದಿನಿಂದ ಸಂನ್ಯಾಸಿಗಳು ವಾಸಿಸುತ್ತಿರುವ ಸಂತ ಕ್ಯಾಥರೀನ್ ಮಠ ಇರುವುದು ಶಿಖರದಲ್ಲಲ್ಲ, ಬೆಟ್ಟದ ಬುಡದಲ್ಲಿ. ಶಿಖರದಲ್ಲಿರುವುದು ಒಂದು ಪುಟ್ಟ ಪ್ರಾರ್ಥನಾಲಯ ಮತ್ತು ಒಂದು ಪುಟ್ಟ ಮಸೀದಿ ಮಾತ್ರ. ಏರಿದವರು ಅಲ್ಲಿ ನೆಲೆಸುವುದಿಲ್ಲ.

ಬೈಬಲಿನಲ್ಲಿ ಬರುವ ಬೆಟ್ಟಗಳ ಪ್ರಸಂಗಗಳನ್ನು ಒಂದೊಂದಾಗಿ ನೋಡಿದರೆ ಈ ಕ್ರಮ ಮತ್ತೆ ಮತ್ತೆ ಕಾಣುತ್ತದೆ. ದೇವರು ಮನುಷ್ಯನನ್ನು ಎತ್ತರಕ್ಕೆ ಕರೆಯುತ್ತಾನೆ. ಕರೆದು ಮಾತನಾಡಿ, ಮತ್ತೆ ಜನರ ನಡುವೆ ಕಳುಹಿಸುತ್ತಾನೆ. ಕ್ರೈಸ್ತರಿಗೆ ಬೆಟ್ಟ ಭೇಟಿಯ ತಾಣ. ಆ ಭೇಟಿ ನಿಜವಾದದ್ದೇ ಎಂಬುದು ತಿಳಿಯುವುದು ಮಾತ್ರ ಇಳಿದು ಬಂದ ಮೇಲೆ.

ಮೋಶೆ, ಎಲೀಯ ಕಂಡ ಬೆಟ್ಟ

ಹಳೆಯ ಒಡಂಬಡಿಕೆಯ ಆರಂಭದಲ್ಲೇ ಬೆಟ್ಟಗಳು ಎದುರಾಗುತ್ತವೆ. ಜಲಪ್ರಳಯ ಇಳಿದಾಗ ನೋಹನ ನಾವೆ ನಿಂತದ್ದು ಅರರಾಟ್ ಸೀಮೆಯ ಬೆಟ್ಟಗಳಲ್ಲಿ. ಅಬ್ರಹಾಮನು ಮಗ ಇಸಾಕನನ್ನು ಬಲಿಗೊಡಲು ಕರೆದೊಯ್ದದ್ದು ಮೊರೀಯ ಸೀಮೆಯ ಬೆಟ್ಟಕ್ಕೆ. ಅಲ್ಲಿ ಕೊನೆಯ ಗಳಿಗೆಯಲ್ಲಿ ಕೈ ತಡೆಯಲ್ಪಟ್ಟು, ಮಗನ ಬದಲು ಟಗರು ಬಲಿಯಾಯಿತು. ಸೊಲೊಮೋನನು ಮುಂದೆ ಯೆರೂಸಲೇಮಿನಲ್ಲಿ ದೇವಾಲಯ ಕಟ್ಟಿದ್ದು ಅದೇ ಮೊರೀಯ ಬೆಟ್ಟದ ಮೇಲೆ ಎಂದು ಪೂರ್ವಕಾಲವೃತ್ತಾಂತ ಗ್ರಂಥ ಹೇಳುತ್ತದೆ.

ಆದರೆ ಬೆಟ್ಟದ ಅರ್ಥ ಪೂರ್ಣವಾಗಿ ತೆರೆದುಕೊಳ್ಳುವುದು ಮೋಶೆಯ ಕಥೆಯಲ್ಲಿ. ಕುರಿ ಮೇಯಿಸುತ್ತಾ ಹೋರೇಬ್ ಬೆಟ್ಟಕ್ಕೆ ಬಂದ ಆತ ಉರಿಯುತ್ತಿದ್ದರೂ ಸುಟ್ಟುಹೋಗದ ಪೊದೆಯೊಂದನ್ನು ಕಂಡ. ನಿಂತ ನೆಲ ಪವಿತ್ರವಾದದ್ದರಿಂದ ಕೆರ ಬಿಚ್ಚಬೇಕೆಂಬ ಆಜ್ಞೆ ಕೇಳಿಸಿತು. ಅದರ ಬೆನ್ನಿಗೇ ಇನ್ನೊಂದು ಆಜ್ಞೆಯೂ ಬಂತು: ಈಜಿಪ್ಟಿಗೆ ಹಿಂತಿರುಗಿ ಗುಲಾಮಗಿರಿಯಲ್ಲಿರುವ ಜನರನ್ನು ಬಿಡಿಸಬೇಕು. ಪವಿತ್ರ ನೆಲದಲ್ಲಿ ಉಳಿಯುವುದಕ್ಕೆ ಮೋಶೆಗೆ ಅನುಮತಿ ಸಿಗಲಿಲ್ಲ.

ಬಿಡುಗಡೆಯಾದ ಜನ ಮರಳಿ ಸೀನಾಯಿಯ ತಪ್ಪಲಿಗೆ ಬಂದಾಗ ಬೆಟ್ಟದ ಮೇಲೆ ಗುಡುಗು, ಮಿಂಚು, ಕಾರ್ಮುಗಿಲು ಕವಿಯಿತು. ಜನ ಬೆಟ್ಟವನ್ನು ಮುಟ್ಟದಂತೆ ಸುತ್ತಲೂ ಗಡಿ ಹಾಕಲಾಯಿತು. ಮೋಶೆ ನಲವತ್ತು ದಿನ ಮೇಲಿದ್ದು ಹತ್ತು ಆಜ್ಞೆಗಳ ಶಿಲಾಫಲಕಗಳೊಂದಿಗೆ ಇಳಿದಾಗ, ಕೆಳಗೆ ಜನ ಚಿನ್ನದ ಕರುವನ್ನು ಮಾಡಿ ಕುಣಿಯುತ್ತಿದ್ದರು. ಆತ ಸಿಟ್ಟಿನಿಂದ ಫಲಕಗಳನ್ನು ಬೆಟ್ಟದ ಬುಡದಲ್ಲೇ ಒಡೆದು ಹಾಕಿದ. ಎರಡನೆಯ ಬಾರಿ ಏರಿ, ಜನರಿಗಾಗಿ ಬೇಡಿಕೊಂಡು, ಹೊಸ ಫಲಕಗಳನ್ನು ತಂದ. ಹತ್ತು ಆಜ್ಞೆಗಳು ಬೆಟ್ಟದ ಮೇಲೆ ದೊರೆತರೂ ಅವು ಹೇಳುವುದು ತಂದೆತಾಯಿ, ನೆರೆಹೊರೆ, ಕೊಲೆ, ಕಳವು, ಸುಳ್ಳುಸಾಕ್ಷಿಯಂತಹ ಕೆಳಗಿನ ಬದುಕಿನ ವಿಷಯಗಳನ್ನು.

ಶತಮಾನಗಳ ನಂತರ ಪ್ರವಾದಿ ಎಲೀಯ ಪ್ರಾಣಭಯದಿಂದ ಓಡಿ ಇದೇ ಹೋರೇಬಿಗೆ ಬಂದು ಗವಿಯಲ್ಲಿ ಅಡಗಿದ. ಬಿರುಗಾಳಿ ಬಂತು, ಭೂಕಂಪವಾಯಿತು, ಬೆಂಕಿ ಎದ್ದಿತು. ದೇವರು ಅವುಗಳಲ್ಲಿ ಇರಲಿಲ್ಲ. ಅನಂತರ ಕೇಳಿಬಂದ ಸಣ್ಣ ಮೆಲುದನಿಯಲ್ಲಿ ಎಲೀಯನಿಗೆ ದೇವರ ಸಾನ್ನಿಧ್ಯ ತಿಳಿಯಿತು. ಆ ದನಿಯೂ ಅವನನ್ನು ಬಂದ ದಾರಿಯಲ್ಲೇ ಹಿಂದಕ್ಕೆ, ಬಿಟ್ಟು ಓಡಿದ್ದ ಕೆಲಸಕ್ಕೆ ಕಳುಹಿಸಿತು.

ಮೋಶೆಯ ಜೀವನ ಮುಗಿಯುವುದೂ ಬೆಟ್ಟದ ಮೇಲೆಯೇ. ಈಗಿನ ಜೋರ್ಡಾನ್ ದೇಶದಲ್ಲಿರುವ ನೆಬೋ ಬೆಟ್ಟದಿಂದ ಆತ ವಾಗ್ದಾನದ ನಾಡನ್ನು ಕಣ್ಣಾರೆ ಕಂಡ, ಒಳಗೆ ಕಾಲಿಡಲಿಲ್ಲ.

ಎತ್ತರದ ಪೂಜಾಸ್ಥಳಗಳಿಗೆ ವಿರೋಧ

ಬೆಟ್ಟಕ್ಕೆ ಇಷ್ಟು ಮಹತ್ವ ಕೊಡುವ ಹಳೆಯ ಒಡಂಬಡಿಕೆಯೇ ಅದರ ಅಪಾಯವನ್ನೂ ಹೇಳುತ್ತದೆ. ಕಾನಾನ್ ನಾಡಿನಲ್ಲಿ ದಿಬ್ಬ, ಗುಡ್ಡಗಳ ಮೇಲೆ ಬಾಳ್ ಮೊದಲಾದ ದೇವತೆಗಳ ಪೂಜಾಸ್ಥಳಗಳಿದ್ದವು. ಇಸ್ರಾಯೇಲಿನ ಜನರೂ ಅಲ್ಲಿ ಧೂಪ ಹಾಕುತ್ತಿದ್ದರು. ಪ್ರವಾದಿಗಳು ಇದನ್ನು ಕಟುವಾಗಿ ಖಂಡಿಸಿದರು. ಯೆಹೂದದ ಅರಸರಾದ ಹಿಜ್ಕೀಯ ಮತ್ತು ಯೋಷೀಯ ಇಂತಹ ಸ್ಥಳಗಳನ್ನು ಕೆಡವಿಸಿದರೆಂದು ಅರಸುಗಳ ಗ್ರಂಥ ದಾಖಲಿಸುತ್ತದೆ. ಎತ್ತರವಾದುದೆಲ್ಲ ಪವಿತ್ರವಲ್ಲ ಎಂಬುದು ಈ ಪ್ರಸಂಗಗಳ ಸಾರ.

ಇದಕ್ಕೆ ಪ್ರತಿಯಾಗಿ ಚೀಯೋನ್ ಬೆಟ್ಟ ಭರವಸೆಯ ಸಂಕೇತವಾಗಿ ಬೆಳೆಯಿತು. ಯೆರೂಸಲೇಮಿನ ದೇವಾಲಯವಿದ್ದ ಗುಡ್ಡ ಪಕ್ಕದ ಎಣ್ಣೆಮರಗಳ ಗುಡ್ಡಕ್ಕಿಂತ ತಗ್ಗಾಗಿದೆ. ಆದರೂ ಅದು ಒಂದು ದಿನ ಎಲ್ಲ ಬೆಟ್ಟಗಳಿಗಿಂತ ಎತ್ತರವಾಗಿ ನಿಲ್ಲುವುದೆಂದೂ, ಜನಾಂಗಗಳು ಅಲ್ಲಿಗೆ ಬಂದು ಯುದ್ಧವಿದ್ಯೆಯನ್ನು ಮರೆಯುವರೆಂದೂ ಪ್ರವಾದಿ ಯೆಶಾಯ ಕಂಡ ಕನಸು ಹೇಳುತ್ತದೆ.

ಯೇಸುವಿನ ಬೆಟ್ಟಗಳು

ಯೇಸುವಿನ ಸಾರ್ವಜನಿಕ ಜೀವನದಲ್ಲಿ ಮೊದಲು ಬರುವ ಬೆಟ್ಟ ಶೋಧನೆಯದ್ದು. ಮತ್ತಾಯನ ಸುವಾರ್ತೆಯ ಪ್ರಕಾರ ಸೈತಾನನು ಅವನನ್ನು ಬಹು ಎತ್ತರದ ಬೆಟ್ಟಕ್ಕೆ ಒಯ್ದು ಲೋಕದ ರಾಜ್ಯಗಳನ್ನೆಲ್ಲ ತೋರಿಸಿ, ತನಗೆ ಅಡ್ಡಬಿದ್ದರೆ ಅವನ್ನು ಕೊಡುವೆನೆಂದ. ಯೇಸು ನಿರಾಕರಿಸಿದ. ಎತ್ತರದಿಂದ ಕಾಣುವ ದೃಶ್ಯವು ಅಧಿಕಾರದ ಆಸೆಯನ್ನೂ ಹುಟ್ಟಿಸಬಲ್ಲದು ಎಂಬ ಎಚ್ಚರ ಇಲ್ಲಿದೆ.

ಇದೇ ಸುವಾರ್ತೆಯ 5ರಿಂದ 7ನೇ ಅಧ್ಯಾಯಗಳಲ್ಲಿ ಪರ್ವತ ಪ್ರಸಂಗ ಬರುತ್ತದೆ. ಯೇಸು ಬೆಟ್ಟವೇರಿ, ಗುರುವಿನಂತೆ ಕುಳಿತು, ದೀನರು, ದುಃಖಿಸುವವರು, ಸಮಾಧಾನಪಡಿಸುವವರು ಧನ್ಯರೆಂದು ಬೋಧಿಸುತ್ತಾನೆ. ಸೀನಾಯಿಯ ಮೋಶೆಗೆ ಸರಿಸಮನಾಗಿ ಯೇಸುವನ್ನು ನಿಲ್ಲಿಸುವ ಉದ್ದೇಶ ಮತ್ತಾಯನಿಗಿತ್ತೆಂದು ಅನೇಕ ವಿದ್ವಾಂಸರು ವಿವರಿಸುತ್ತಾರೆ. ಈ ಬೋಧನೆ ಮಹಾತ್ಮ ಗಾಂಧಿಯವರ ಮನಸ್ಸನ್ನು ನೇರವಾಗಿ ತಟ್ಟಿದ್ದನ್ನು ಅವರ ಆತ್ಮಕಥೆಯಲ್ಲಿ ಓದಬಹುದು.

ಲೂಕನ ಸುವಾರ್ತೆಯಲ್ಲಿ ಇದೇ ಬಗೆಯ ಬೋಧನೆ ನಡೆಯುವುದು ಬಯಲಿನಲ್ಲಿ. ಯೇಸು ರಾತ್ರಿಯೆಲ್ಲ ಬೆಟ್ಟದ ಮೇಲೆ ಪ್ರಾರ್ಥಿಸಿ, ಹನ್ನೆರಡು ಮಂದಿ ಅಪೊಸ್ತಲರನ್ನು ಆರಿಸಿ, ಅವರೊಂದಿಗೆ ಇಳಿದು ಸಮತಟ್ಟಾದ ನೆಲದಲ್ಲಿ ರೋಗಿಗಳ ನಡುವೆ ನಿಲ್ಲುತ್ತಾನೆ. ಸಂಪ್ರದಾಯವು ಪರ್ವತ ಪ್ರಸಂಗದ ತಾಣವೆಂದು ತೋರಿಸುವ, ಗಲಿಲಾಯ ಸರೋವರದ ದಂಡೆಯ ಗುಡ್ಡವಂತೂ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಸರೋವರವೇ ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಹೆಚ್ಚು ತಗ್ಗಿನಲ್ಲಿರುವುದು ಇದಕ್ಕೆ ಕಾರಣ. ಈ ಗುಡ್ಡದ ಹಿರಿಮೆಯನ್ನು ಮೀಟರುಗಳಲ್ಲಿ ಅಳೆಯಲು ಬಾರದು.

ಶಿಲುಬೆಯ ತಾಣದ ವಿಷಯದಲ್ಲೂ ಹೀಗೆಯೇ. ಕಲ್ವಾರಿ ಬೆಟ್ಟ ಎಂಬ ಮಾತು ಕನ್ನಡ ಕ್ರೈಸ್ತರ ನಾಲಗೆಯ ಮೇಲಿದ್ದರೂ ನಾಲ್ಕು ಸುವಾರ್ತೆಗಳಲ್ಲಿ ಎಲ್ಲಿಯೂ ಗೊಲ್ಗೊಥಾವನ್ನು ಬೆಟ್ಟವೆಂದು ಕರೆದಿಲ್ಲ. ಅದು ತಲೆಬುರುಡೆಯ ಸ್ಥಳ ಎಂದಷ್ಟೇ ಇದೆ. ಯೆರೂಸಲೇಮಿನ ಪವಿತ್ರ ಸಮಾಧಿ ಚರ್ಚಿನೊಳಗೆ ಇಂದು ಯಾತ್ರಿಕರು ಕೆಲವೇ ಮೆಟ್ಟಿಲೇರಿ ಮುಟ್ಟುವುದು ಒಂದು ಬಂಡೆಯನ್ನು. ಅಲ್ಲಿ ನಡೆದ ಘಟನೆಯ ಮಹತ್ವವೇ ಭಕ್ತರ ಕಣ್ಣಿನಲ್ಲಿ ಆ ಬಂಡೆಯನ್ನು ಬೆಟ್ಟವಾಗಿಸಿದೆ.

ರೂಪಾಂತರ: ಶಿಖರ ಮತ್ತು ತಪ್ಪಲು

ಏರುವಿಕೆ, ಇಳಿಯುವಿಕೆ ಎರಡೂ ಒಟ್ಟಿಗೆ ಎದ್ದು ಕಾಣುವುದು ಯೇಸುವಿನ ರೂಪಾಂತರದ ಪ್ರಸಂಗದಲ್ಲಿ. ಪೇತ್ರ, ಯಾಕೋಬ, ಯೋಹಾನರನ್ನು ಕರೆದುಕೊಂಡು ಯೇಸು ಎತ್ತರದ ಬೆಟ್ಟಕ್ಕೆ ಹೋದಾಗ ಅವನ ಮುಖ ಸೂರ್ಯನಂತೆ ಹೊಳೆಯಿತು; ಬೆಟ್ಟಗಳ ಪ್ರವಾದಿಗಳಾದ ಮೋಶೆ ಮತ್ತು ಎಲೀಯ ಅವನೊಡನೆ ಕಾಣಿಸಿಕೊಂಡರು. ಸಂತೋಷ ತಡೆಯಲಾರದ ಪೇತ್ರ ಅಲ್ಲಿಯೇ ಮೂರು ಗುಡಾರಗಳನ್ನು ಕಟ್ಟುವ ಸೂಚನೆ ಮುಂದಿಟ್ಟ. ಆತ ಮಾತು ಮುಗಿಸುವ ಮೊದಲೇ ಮೋಡ ಕವಿದು, ಯೇಸುವಿಗೆ ಕಿವಿಗೊಡಬೇಕೆಂಬ ವಾಣಿ ಕೇಳಿಸಿತು. ಗುಡಾರ ಕಟ್ಟುವ ಪ್ರಸ್ತಾಪ ಅಲ್ಲಿಗೇ ನಿಂತಿತು.

ಅವರು ಇಳಿದು ಬಂದಾಗ ತಪ್ಪಲಿನಲ್ಲಿ ಮೂರ್ಛೆರೋಗದಿಂದ ನರಳುವ ಹುಡುಗ, ಕಂಗಾಲಾದ ತಂದೆ, ಗುಣಪಡಿಸಲಾಗದೆ ಸೋತ ಉಳಿದ ಶಿಷ್ಯರು ಕಾಯುತ್ತಿದ್ದರು. ಇಟಲಿಯ ಚಿತ್ರಕಾರ ರಾಫೆಲ್ 1520ರಲ್ಲಿ ತೀರಿಕೊಳ್ಳುವ ಮುನ್ನ ರಚಿಸಿದ ಕೊನೆಯ ದೊಡ್ಡ ಚಿತ್ರದ ವಸ್ತು ಇದೇ. ಮೇಲಿನ ಅರ್ಧದಲ್ಲಿ ಬೆಳಕಿನ ಯೇಸು. ಕೆಳಗಿನ ಅರ್ಧದಲ್ಲಿ ಕತ್ತಲು, ಗುಂಪು, ಆ ಹುಡುಗ. ಎರಡನ್ನೂ ಒಂದೇ ಚೌಕಟ್ಟಿನಲ್ಲಿಟ್ಟ ಈ ಚಿತ್ರ ಈಗ ವ್ಯಾಟಿಕನ್ ವಸ್ತುಸಂಗ್ರಹಾಲಯದಲ್ಲಿದೆ.

ಬೆಟ್ಟ ಯಾವುದೆಂದು ಸುವಾರ್ತೆಗಳು ಹೇಳುವುದಿಲ್ಲ. ಸಂಪ್ರದಾಯವು ಗಲಿಲಾಯದ ತಾಬೋರ್ ಬೆಟ್ಟವನ್ನು ತೋರಿಸುತ್ತದೆ. ಅಲ್ಲಿನ ಈಗಿನ ಚರ್ಚು 1924ರಲ್ಲಿ ಪೂರ್ಣಗೊಂಡಿತು. ಹಿಮ ಬೀಳುವ ಹೆರ್ಮೋನ್ ಬೆಟ್ಟವೇ ಇರಬಹುದೆಂಬ ಅಭಿಪ್ರಾಯವೂ ಇದೆ. ಆಗಸ್ಟ್ 6 ರೂಪಾಂತರದ ಹಬ್ಬದ ದಿನ.

ಈ ಬೆಟ್ಟವೋ, ಆ ಬೆಟ್ಟವೋ?

ದೇವರನ್ನು ಕಾಣಲು ನಿರ್ದಿಷ್ಟ ಬೆಟ್ಟಕ್ಕೇ ಹೋಗಬೇಕೆ ಎಂಬ ಪ್ರಶ್ನೆ ಯೋಹಾನನ ಸುವಾರ್ತೆಯಲ್ಲಿ ನೇರವಾಗಿ ಬರುತ್ತದೆ. ಸಮಾರ್ಯದವರ ಪವಿತ್ರ ಬೆಟ್ಟ ಗೆರಿಜ್ಜೀಮ್, ಯೆಹೂದ್ಯರದ್ದು ಯೆರೂಸಲೇಮ್. ಗೆರಿಜ್ಜೀಮಿನ ಮೇಲಿದ್ದ ಸಮಾರ್ಯದವರ ದೇವಾಲಯವನ್ನು ಕ್ರಿಸ್ತಪೂರ್ವ 2ನೇ ಶತಮಾನದ ಕೊನೆಯ ಭಾಗದಲ್ಲಿ ಯೆಹೂದ್ಯ ದೊರೆ ಯೋಹಾನ ಹಿರ್ಕಾನಸ್ ನಾಶಮಾಡಿದ್ದ. ಆ ಗಾಯ ಮಾಯದಿದ್ದ ಕಾಲದಲ್ಲಿ, ಬೆಟ್ಟದ ಬುಡದ ಬಾವಿಯ ಬಳಿ ಸಮಾರ್ಯದ ಹೆಂಗಸೊಬ್ಬಳು ಯೇಸುವಿನ ಮುಂದೆ ಈ ವಿಷಯ ಎತ್ತಿದಳು. ತಂದೆಯಾದ ದೇವರನ್ನು ಈ ಬೆಟ್ಟದಲ್ಲೂ ಯೆರೂಸಲೇಮಿನಲ್ಲೂ ಅಲ್ಲದೆ ಆತ್ಮದಲ್ಲಿ, ಸತ್ಯದಲ್ಲಿ ಆರಾಧಿಸುವ ಕಾಲ ಬಂದಿದೆ ಎಂಬುದು ಯೇಸುವಿನ ಉತ್ತರದ ತಾತ್ಪರ್ಯ.

ಈ ಉತ್ತರ ಕ್ರೈಸ್ತ ಚಿಂತನೆಯಲ್ಲಿ ಎರಡು ಹೊಳೆಗಳಾಗಿ ಹರಿಯಿತು. 4ನೇ ಶತಮಾನದ ನೀಸಾದ ಬಿಷಪ್ ಗ್ರೆಗೊರಿ ಒಂದು ಪತ್ರದಲ್ಲಿ, ಸ್ಥಳ ಬದಲಿಸಿದ ಮಾತ್ರಕ್ಕೆ ಯಾರೂ ದೇವರಿಗೆ ಹತ್ತಿರವಾಗುವುದಿಲ್ಲವೆಂದು ಯಾತ್ರೆಯ ಉತ್ಸಾಹವನ್ನು ಪ್ರಶ್ನಿಸಿದ. ಅದೇ ಗ್ರೆಗೊರಿ ಮೋಶೆಯ ಜೀವನದ ಕುರಿತ ಗ್ರಂಥದಲ್ಲಿ ಸೀನಾಯಿಯ ಏರನ್ನು ಆತ್ಮದ ಪಯಣವಾಗಿ ವಿವರಿಸಿದ. ದೇವರನ್ನು ಅರಿಯುವ ಏರಿಗೆ ಕೊನೆಯಿಲ್ಲ. ಮೇಲೇರಿದಷ್ಟೂ ಬುದ್ಧಿಗೆ ನಿಲುಕದ ಮೋಡದೊಳಗೆ ಹೋಗುತ್ತೇವೆ ಎಂಬುದು ಆತನ ನಿಲುವು. 16ನೇ ಶತಮಾನದಲ್ಲಿ ಮಾರ್ಟಿನ್ ಲೂಥರ್ ಮುಂತಾದ ಸುಧಾರಕರು ಯಾತ್ರೆಯಿಂದ ಪುಣ್ಯ ಬರುತ್ತದೆಂಬ ಭಾವನೆಯನ್ನು ಟೀಕಿಸಿದರು. ಆದಾಗ್ಯೂ ಬೆಟ್ಟವೇರುವ ಭಕ್ತರು ಕಡಿಮೆಯಾಗಲಿಲ್ಲ.

ಸೀನಾಯಿಯ ಮಠ

ಜಬಲ್ ಮೂಸಾವೇ ಬೈಬಲಿನ ಸೀನಾಯಿ ಎಂಬುದಕ್ಕೆ ಪುರಾತತ್ವದ ಖಚಿತ ಆಧಾರವಿಲ್ಲ. ಇದು 4ನೇ ಶತಮಾನದಿಂದ ಬೆಳೆದುಬಂದ ಕ್ರೈಸ್ತ ಸಂಪ್ರದಾಯ. ಆ ಶತಮಾನದ ಕೊನೆಯ ಭಾಗದಲ್ಲಿ ಪಶ್ಚಿಮ ಯೂರೋಪಿನಿಂದ ಬಂದ ಏಜೀರಿಯಾ ಎಂಬ ಮಹಿಳೆ ಬೆಟ್ಟವೇರಿದ ವಿವರವನ್ನು ಬರೆದಿಟ್ಟಿದ್ದಾಳೆ. 6ನೇ ಶತಮಾನದಲ್ಲಿ ಚಕ್ರವರ್ತಿ ಜಸ್ಟಿನಿಯನ್, ಉರಿಯುವ ಪೊದೆಯಿದ್ದ ಜಾಗವೆಂದು ನಂಬಲಾದಲ್ಲಿ ಕೋಟೆಗೋಡೆಯ ಮಠವನ್ನು ಕಟ್ಟಿಸಿದ. ಮಠದ ಚರ್ಚಿನ ಗೋಡೆಯ ಮೇಲೆ ಬಣ್ಣದ ಹರಳುಗಳಿಂದ ರೂಪಾಂತರದ ದೃಶ್ಯವನ್ನು ಮೂಡಿಸಲಾಗಿದೆ. ಸೀನಾಯಿಯ ಬುಡದಲ್ಲಿ ನಿಂತವನಿಗೆ ತಾಬೋರಿನ ಬೆಳಕು ಕಾಣುವಂತೆ ಮಾಡಿದ ಏರ್ಪಾಟಿದು.

7ನೇ ಶತಮಾನದ ಸುಮಾರಿಗೆ ಇಲ್ಲಿನ ಮಠಾಧಿಪತಿಯಾಗಿದ್ದ ಸಂತ ಯೋಹಾನ ಕ್ಲೈಮಾಕಸ್ ರಚಿಸಿದ ದೈವಿಕ ಏರಿಕೆಯ ಏಣಿ ಎಂಬ ಗ್ರಂಥದಲ್ಲಿ 30 ಮೆಟ್ಟಿಲುಗಳಿವೆ. ಒಂದೊಂದು ಮೆಟ್ಟಿಲೂ ಒಂದು ದೋಷವನ್ನು ಬಿಡುವ ಅಥವಾ ಒಂದು ಗುಣವನ್ನು ಪಡೆಯುವ ಹಂತ. ಮಠದಲ್ಲಿರುವ 12ನೇ ಶತಮಾನದ ಚಿತ್ರಪಟವೊಂದರಲ್ಲಿ ಸಂನ್ಯಾಸಿಗಳು ಈ ಏಣಿ ಹತ್ತುತ್ತಿದ್ದಾರೆ. ಕೆಲವರು ಮೇಲಿನ ಮೆಟ್ಟಿಲುಗಳಿಂದಲೂ ಜಾರಿ ಬೀಳುತ್ತಿದ್ದಾರೆ.

ಮಠದ ಗೋಡೆಯೊಳಗೆ ಮಸೀದಿಯೂ ಇದೆ. ಪ್ರವಾದಿ ಮುಹಮ್ಮದರು ಮಠಕ್ಕೆ ರಕ್ಷಣೆ ನೀಡಿದ ಪತ್ರ ತಮ್ಮಲ್ಲಿದೆ ಎಂಬುದು ಸಂನ್ಯಾಸಿಗಳ ಪರಂಪರೆಯ ನಂಬಿಕೆ. ಸುತ್ತಲಿನ ಜಬಾಲಿಯಾ ಬೆದೂಯಿನ್ನರು ಮುಸ್ಲಿಮರಾದರೂ, ಜಸ್ಟಿನಿಯನ್ ಮಠದ ಸೇವೆಗೆ ಕಳುಹಿಸಿದವರ ವಂಶಸ್ಥರು ತಾವೆಂದು ಹೇಳಿಕೊಳ್ಳುತ್ತಾರೆ. ಕ್ರೈಸ್ತ, ಯೆಹೂದ್ಯ, ಇಸ್ಲಾಂ ಮೂರೂ ಧರ್ಮಗಳು ಗೌರವಿಸುವ ಈ ಪ್ರದೇಶ 2002ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಕಾರ್ಮೆಲ್: ಕರ್ನಾಟಕಕ್ಕೆ ಬಂದ ಬೆಟ್ಟದ ಹೆಸರು

ಬೆಟ್ಟ ಬಿಟ್ಟು ಇಳಿದವರು ಬೆಟ್ಟದ ಹೆಸರನ್ನು ಜಗತ್ತಿಗೆ ಹಂಚಿದ ಉದಾಹರಣೆ ಕಾರ್ಮೆಲ್. ಇಸ್ರೇಲಿನ ಹೈಫಾ ನಗರದ ಬಳಿ ಕಡಲಿಗೆ ಚಾಚಿರುವ ಈ ಬೆಟ್ಟಸಾಲಿನಲ್ಲಿ ಎಲೀಯನು ಬಾಳನ 450 ಪ್ರವಾದಿಗಳನ್ನು ಎದುರಿಸಿದನೆಂದು ಬೈಬಲ್ ಹೇಳುತ್ತದೆ. 12ನೇ ಶತಮಾನದ ಕೊನೆಗೆ ಯೂರೋಪಿನಿಂದ ಬಂದ ಕೆಲವರು ಇಲ್ಲಿನ ಕಣಿವೆಯಲ್ಲಿ ಏಕಾಂತವಾಸ ಆರಂಭಿಸಿದರು. ಯುದ್ಧಗಳ ಕಾರಣ 13ನೇ ಶತಮಾನದಲ್ಲಿ ಅವರು ಬೆಟ್ಟ ತೊರೆದು ಯೂರೋಪಿನ ಪಟ್ಟಣಗಳಿಗೆ ಹೋಗಬೇಕಾಯಿತು. ಹೀಗೆ ಬೆಳೆದದ್ದೇ ಕಾರ್ಮೆಲೈಟ್ ಸಂನ್ಯಾಸಿ ಸಭೆ. ಕಾರ್ಮೆಲ್ ಅವರ ಪಾಲಿಗೆ ಮನಸ್ಸಿನೊಳಗಿನ ಬೆಟ್ಟವಾಯಿತು. 16ನೇ ಶತಮಾನದಲ್ಲಿ ಸ್ಪೇನಿನ ಸಂತ ಶಿಲುಬೆಯ ಯೋಹಾನ ಕಾರ್ಮೆಲ್ ಬೆಟ್ಟದ ಏರಿಕೆ ಎಂಬ ಗ್ರಂಥವನ್ನೇ ಬರೆದ. ಆಸೆಗಳನ್ನು ಒಂದೊಂದಾಗಿ ಕಳಚುವುದೇ ಅದರಲ್ಲಿನ ಏರುದಾರಿ.

ಈ ಪರಂಪರೆಯ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು 1870ರಲ್ಲಿ ಮಂಗಳೂರಿಗೆ ಬಂದರು. 1921ರಲ್ಲಿ ಆರಂಭವಾದ ಸಂತ ಆಗ್ನೆಸ್ ಕಾಲೇಜು ಅವರದೇ. ಬೆಂಗಳೂರಿನಲ್ಲಿ 1948ರಲ್ಲಿ ಆರಂಭವಾದ ಮೌಂಟ್ ಕಾರ್ಮೆಲ್ ಕಾಲೇಜನ್ನು ನಡೆಸುವುದು ಇನ್ನೊಂದು ಕಾರ್ಮೆಲೈಟ್ ಭಗಿನಿಯರ ಸಭೆ. ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಕಾರ್ಮೆಲೈಟ್ ಸಂನ್ಯಾಸಿಗಳ ಮಠ ಮತ್ತು ಬಾಲಯೇಸುವಿನ ಪುಣ್ಯಕ್ಷೇತ್ರವಿರುವ ಗುಡ್ಡಕ್ಕೆ ಕಾರ್ಮೆಲ್ ಗುಡ್ಡವೆಂದೇ ಹೆಸರು.

ಹರಕೆ ಹೊತ್ತು ಏರುವವರು

ದಕ್ಷಿಣ ಭಾರತದ ಕ್ರೈಸ್ತರಿಗೂ ತಮ್ಮದೇ ಬೆಟ್ಟಗಳಿವೆ. ಚೆನ್ನೈನ ಪರಂಗಿಮಲೈ ಯೇಸುವಿನ ಶಿಷ್ಯ ಸಂತ ತೋಮಾಸ ಹುತಾತ್ಮನಾದ ಜಾಗವೆಂಬ ನಂಬಿಕೆಯಿದೆ. ಅಲ್ಲಿ ಪೋರ್ಚುಗೀಸರು 1523ರಲ್ಲಿ ಚರ್ಚು ಕಟ್ಟಿದರು. ಕೇರಳದ ಮಲಯಾಟ್ಟೂರಿನ ಬೆಟ್ಟವನ್ನು ತಪಸ್ಸುಕಾಲದ ದಿನಗಳಲ್ಲಿ ಭಕ್ತರು ಮರದ ಶಿಲುಬೆ ಹೊತ್ತು ಏರುತ್ತಾರೆ. ಐರ್ಲೆಂಡಿನ ಕ್ರೋ ಪ್ಯಾಟ್ರಿಕ್ ಬೆಟ್ಟಕ್ಕೆ ಜುಲೈ ತಿಂಗಳ ಕೊನೆಯ ಭಾನುವಾರ ಸಾವಿರಾರು ಜನ, ಕೆಲವರು ಬರಿಗಾಲಿನಲ್ಲಿ, ಹೋಗುತ್ತಾರೆ. ದೇಹದ ದಣಿವನ್ನೇ ಪ್ರಾರ್ಥನೆಯಾಗಿಸುವುದು ಇವುಗಳ ಉದ್ದೇಶ.

ಬೆಟ್ಟ ಯಾರದು?

ಪೇತ್ರನ ಗುಡಾರದ ಪ್ರಶ್ನೆ ಈಗ ಸೀನಾಯಿಯಲ್ಲಿ ಬೇರೊಂದು ರೂಪದಲ್ಲಿ ಎದ್ದಿದೆ. ಈಜಿಪ್ಟ್ ಸರ್ಕಾರ 2021ರಲ್ಲಿ ಮಹಾ ರೂಪಾಂತರ ಯೋಜನೆ ಎಂಬ ಹೆಸರಿನಲ್ಲೇ ಸಂತ ಕ್ಯಾಥರೀನ್ ಪಟ್ಟಣದ ಸುತ್ತ ಹೋಟೆಲು, ವಿಹಾರಗೃಹ, ಸಂದರ್ಶಕರ ಕೇಂದ್ರಗಳ ನಿರ್ಮಾಣ ಕೈಗೊಂಡಿತು. 2023ರಲ್ಲಿ ಯುನೆಸ್ಕೊ ಕಳವಳ ಸೂಚಿಸಿತು. 2025ರ ಮೇ ತಿಂಗಳಲ್ಲಿ ಈಜಿಪ್ಟಿನ ನ್ಯಾಯಾಲಯವೊಂದು, ಮಠದ ಜಾಗ ಸರ್ಕಾರದ ಸ್ವತ್ತು, ಸಂನ್ಯಾಸಿಗಳಿಗೆ ಅದನ್ನು ಬಳಸುವ ಹಕ್ಕಿದೆ ಎಂಬ ತೀರ್ಪು ನೀಡಿತು. ಗ್ರೀಕ್ ಆರ್ಥೊಡಾಕ್ಸ್ ಸಭೆ ಇದನ್ನು ತೀವ್ರವಾಗಿ ವಿರೋಧಿಸಿತು. ಮಠದ ಪಾವಿತ್ರ್ಯಕ್ಕೆ ಧಕ್ಕೆಯಾಗದೆಂದು ಈಜಿಪ್ಟ್ ಸರ್ಕಾರ ಸ್ಪಷ್ಟನೆ ಕೊಟ್ಟಿತು.

ಪ್ರವಾಸೋದ್ಯಮ ಆ ಬಡ ಮರುಭೂಮಿಗೆ ಆದಾಯ ತರಬಲ್ಲದು ಎಂಬ ವಾದದಲ್ಲಿ ಹುರುಳಿದೆ. ಆದರೆ ಎಲೀಯನಿಗೆ ಕೇಳಿಸಿದ್ದು ಸಣ್ಣ ಮೆಲುದನಿ. ಅಂತಹ ದನಿಯನ್ನು ಹುಡುಕಿ ಬರುವವರಿಗೆ ಬೆಟ್ಟದ ನಿಶ್ಶಬ್ದವೇ ಮುಖ್ಯ. ನಿಶ್ಶಬ್ದ ಹೋದರೆ 2,285 ಮೀಟರ್ ಎತ್ತರ ಮಾತ್ರ ಉಳಿಯುತ್ತದೆ.

ಹೊಸ ಒಡಂಬಡಿಕೆಯ ಕೊನೆಯ ಬೆಟ್ಟದ ಪ್ರಸಂಗಗಳಲ್ಲಿ ಒಂದು ಎಣ್ಣೆಮರಗಳ ಗುಡ್ಡದ ಮೇಲಿನದು. ಪುನರುತ್ಥಾನದ ಬಳಿಕ ಯೇಸು ಅಲ್ಲಿಂದ ಪರಲೋಕಕ್ಕೆ ಏರಿಹೋದಾಗ ಶಿಷ್ಯರು ಆಕಾಶವನ್ನೇ ದಿಟ್ಟಿಸುತ್ತ ನಿಂತಿದ್ದರು. ಬಿಳಿ ಬಟ್ಟೆಯ ಇಬ್ಬರು ಕಾಣಿಸಿಕೊಂಡು, ಹೀಗೇಕೆ ಮೇಲೆ ನೋಡುತ್ತ ನಿಂತಿದ್ದೀರಿ ಎಂಬರ್ಥದ ಪ್ರಶ್ನೆ ಕೇಳಿದರು. ಶಿಷ್ಯರು ಗುಡ್ಡ ಇಳಿದು ಊರಿಗೆ ಹಿಂತಿರುಗಿದರು ಎಂದು ಅಪೊಸ್ತಲರ ಕೃತ್ಯಗಳ ಗ್ರಂಥ ಹೇಳುತ್ತದೆ. ಕ್ರೈಸ್ತ ಸಭೆಯ ಇತಿಹಾಸ ಆರಂಭವಾಗುವುದು ಆ ಇಳಿಜಾರಿನಿಂದಲೇ.